ಪಿಂಚಣಿ ವಿಮಾ ಕಂಪನಿ ಕುಸಿದರೆ ನಿಯಂತ್ರಕರ ಮೇಲೂ ತನಿಖೆ ಕೇಳಬಹುದೇ? ಎಕ್ವಿಟಬಲ್ ಲೈಫ್ ಪ್ರಕರಣ ಬಲ್ಲವರು ತಿಳಿಸಿ

ಸಾಗರ_ನಿವೃತ್ತ

ನಮಸ್ಕಾರ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ನಿವೃತ್ತರು ಕೆಲವರು ಸೇರಿ ಒಂದು ಮನವಿ ತಯಾರು ಮಾಡುತ್ತಿದ್ದೇವೆ. ಸೊಸೈಟಿ ನೌಕರರಿದ್ದಾರೆ, ಖಾಸಗಿ ಕಾಲೇಜಿನವರಿದ್ದಾರೆ, ಎನ್‌ಪಿಎಸ್‌ನಿಂದ (ರಾಷ್ಟ್ರೀಯ ಪಿಂಚಣಿ ಯೋಜನೆ) ಹೊರಬಂದವರಿದ್ದಾರೆ, ತೋಟ ಮಾರಿದ ದುಡ್ಡನ್ನು ಒಂದೇ ಕಂತಿನಲ್ಲಿ ಆನ್ಯುಯಿಟಿಗೆ (ಕಟ್ಟಿದ ಮೊತ್ತಕ್ಕೆ ಪ್ರತಿಯಾಗಿ ವಿಮಾ ಕಂಪನಿ ಕೊಡುವ ನಿಯತ ಪಿಂಚಣಿ) ಕಟ್ಟಿದವರೂ ಇದ್ದಾರೆ. ನಮ್ಮಲ್ಲಿ ಯಾರ ಕಂಪನಿಯೂ ಈಗ ತೊಂದರೆಯಲ್ಲಿಲ್ಲ. ಆದರೆ ಪಿಂಚಣಿ ಇಪ್ಪತ್ತು ಮೂವತ್ತು ವರ್ಷದ ಮಾತು. ಕಂಪನಿ ಎಡವಿದರೆ ಕಂಪನಿಯನ್ನು ಕೇಳಬಹುದು. ಅದರ ಮೇಲೆ ಕಣ್ಣಿಡಬೇಕಿದ್ದ ನಿಯಂತ್ರಕರು ಎಡವಿದರೆ ಅವರನ್ನು ಕೇಳುವವರು ಯಾರು?

ಬ್ರಿಟನ್ನಿನ ಎಕ್ವಿಟಬಲ್ ಲೈಫ್ ವಿಮಾ ಕಂಪನಿ ಕುಸಿದ ಮೇಲೆ ಅಲ್ಲಿನ ಪಾರ್ಲಿಮೆಂಟರಿ ಓಂಬುಡ್ಸ್‌ಮನ್ (ಸರ್ಕಾರಿ ಇಲಾಖೆಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿ) 2004ರಲ್ಲಿ, ನಿಯಂತ್ರಣದ ಬಗ್ಗೆ ಮತ್ತೊಮ್ಮೆ ತನಿಖೆ ಮಾಡಬೇಕೇ ಎಂದು ಸಂಬಂಧಪಟ್ಟವರ ಅಭಿಪ್ರಾಯ ಕೇಳಿದ್ದರು ಎಂದು ಓದಿದೆವು. ಅಲ್ಲಿ ಆಗಿದ್ದೇನು? ಅಂಥ ಅಭಿಪ್ರಾಯ ಬರೆಯುವಾಗ ಯಾವುದಕ್ಕೆ ತೂಕ ಬರುತ್ತದೆ? ನಮ್ಮಲ್ಲಿ ಅದೇ ಪರಿಸ್ಥಿತಿ ಬಂದರೆ ಯಾರಿಗೆ ಬರೆಯಬೇಕು, ಕನ್ನಡದಲ್ಲಿ ಬರೆದರೆ ನಡೆಯುತ್ತದೆಯೇ? ಭಾಷಣ ಬೇಡ, ಕೆಲಸಕ್ಕೆ ಬರುವ ವಿವರ ಬೇಕು.

ಗಾಜನೂರು_ಗಣಕ

ಸರ್, ಮೊದಲು ಕಂಪನಿ ಕುಸಿದದ್ದು ಹೇಗೆ ಎಂದು ನೋಡೋಣ. ಅದು ಗೊತ್ತಿಲ್ಲದೆ ನಿಯಂತ್ರಕರ ತಪ್ಪು ಎಲ್ಲಿತ್ತು ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ.

ಎಕ್ವಿಟಬಲ್ ಲೈಫ್ 1762ರಲ್ಲಿ ಶುರುವಾದ ಸಂಸ್ಥೆ. ಷೇರುದಾರರಿಲ್ಲ, ಪಾಲಿಸಿದಾರರೇ ಸದಸ್ಯರು. ಗಳಿಸಿದ್ದನ್ನೆಲ್ಲ ಆಯಾ ಪೀಳಿಗೆಯ ಸದಸ್ಯರಿಗೇ ಬೋನಸ್ ಆಗಿ ಹಂಚುವುದು ಅದರ ನೀತಿ. ಕೇಳಲು ಚೆನ್ನಾಗಿದೆ, ಆದರೆ ಕಷ್ಟಕಾಲಕ್ಕೆಂದು ಎತ್ತಿಟ್ಟ ಗಂಟು ಇರಲಿಲ್ಲ. 1957ರಿಂದ 1988ರವರೆಗೆ ಮಾರಿದ ಪಿಂಚಣಿ ಪಾಲಿಸಿಗಳಲ್ಲಿ, ನಿವೃತ್ತಿಯ ದಿನ ಕನಿಷ್ಠ ಇಷ್ಟು ದರದಲ್ಲಿ ಆನ್ಯುಯಿಟಿ ಕೊಡುತ್ತೇವೆ ಎಂಬ ಖಾತರಿ ಇತ್ತು. ಬಡ್ಡಿ ಮೇಲಿದ್ದಷ್ಟು ದಿನ ಆ ಖಾತರಿಯನ್ನು ಯಾರೂ ಕೇಳಲಿಲ್ಲ. 1990ರ ದಶಕದಲ್ಲಿ ಬಡ್ಡಿ ಇಳಿಯಿತು, ಜನರ ಆಯುಸ್ಸು ಹೆಚ್ಚಿತು, ಮಾರುಕಟ್ಟೆ ದರ ಖಾತರಿ ದರಕ್ಕಿಂತ ಕೆಳಗೆ ಹೋಯಿತು.

ಲೆಕ್ಕಕ್ಕೆ ಒಂದು ಉದಾಹರಣೆ (ಅಂಕಿ ನನ್ನವು): ಒಬ್ಬರ ಪಾಲಿಸಿಯಲ್ಲಿ ಒಂದು ಲಕ್ಷ ಪೌಂಡ್ ಸೇರಿದೆ. ಖಾತರಿ ದರ 11%, ಮಾರುಕಟ್ಟೆ ದರ 8%. ಖಾತರಿ ಪ್ರಕಾರ ವರ್ಷಕ್ಕೆ 11,000 ಬರಬೇಕು. ಕಂಪನಿ ಹೇಳಿದ್ದು: ಖಾತರಿ ದರ ಬೇಕಾದವರಿಗೆ ಕೊನೆಯ ಬೋನಸ್ ಕಡಿಮೆ ಮಾಡುತ್ತೇವೆ. ಮೊತ್ತವನ್ನು 72,727ಕ್ಕೆ ಇಳಿಸಿ ಅದರ ಮೇಲೆ 11% ಕೊಟ್ಟರೆ ಮತ್ತೆ 8,000ವೇ ಆಯಿತು. ಖಾತರಿ ಕಾಗದದ ಮೇಲೆ ಉಳಿಯಿತು, ಕೈಗೆ ಬರಲಿಲ್ಲ. ಘೋಷಿಸಿದ ವಾರ್ಷಿಕ ಬೋನಸ್ ವಾಪಸ್ ಪಡೆಯಲು ಬರುವುದಿಲ್ಲ, ಕೊನೆಯ ಬೋನಸ್ ಮಾತ್ರ ಕಂಪನಿಯ ವಿವೇಚನೆಗೆ ಬಿಟ್ಟದ್ದು. ಆ ವಿವೇಚನೆಯನ್ನು ಖಾತರಿಯನ್ನೇ ಅಳಿಸಲು ಬಳಸಬಹುದೇ ಎಂಬುದೇ ಹೈಮನ್ ಎಂಬ ಪಾಲಿಸಿದಾರರ ಹೆಸರಿನಲ್ಲಿ ನಡೆದ ಮೊಕದ್ದಮೆಯ ತಿರುಳು. ಹೈಕೋರ್ಟಿನಲ್ಲಿ ಕಂಪನಿ ಗೆದ್ದಿತು, ಮೇಲ್ಮನವಿಯಲ್ಲಿ ಸೋತಿತು. 2000ದ ಜುಲೈ 20ರಂದು ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಕೂಡ ಬಳಸಬಾರದು ಎಂದಿತು. ಆ ತೀರ್ಪಿನ ಹೊರೆ ಸುಮಾರು 150 ಕೋಟಿ ಪೌಂಡ್. ಕಂಪನಿ ತನ್ನನ್ನೇ ಮಾರಾಟಕ್ಕಿಟ್ಟಿತು, ಕೊಳ್ಳುವವರು ಬರಲಿಲ್ಲ. ಡಿಸೆಂಬರ್ 8ರಂದು ಹೊಸ ವ್ಯವಹಾರ ನಿಂತಿತು. 2001ರ ಜುಲೈನಲ್ಲಿ ಪಿಂಚಣಿ ಪಾಲಿಸಿಗಳ ಮೌಲ್ಯವನ್ನು 16% ಕಡಿತ ಮಾಡಿದರು. ಈ ಕಡಿತ ಬಿದ್ದದ್ದು ಖಾತರಿ ಇಲ್ಲದ ಪಾಲಿಸಿದಾರರ ಮೇಲೂ. ಅವರಲ್ಲಿ ಬಹಳ ಜನಕ್ಕೆ ತಾವು ಬೇರೆಯವರ ಖಾತರಿಯ ಹೊರೆ ಹೊರುತ್ತಿದ್ದೇವೆ ಎಂದೇ ತಿಳಿದಿರಲಿಲ್ಲ.

ಈಗ ನಿಯಂತ್ರಣದ ವಿಷಯ. ಈ ಖಾತರಿಗೆ ತಕ್ಕ ಮೀಸಲು ಇಟ್ಟಿದ್ದಾರೆಯೇ ಎಂಬುದು ಪ್ರತಿ ವರ್ಷ ಸಲ್ಲಿಸುವ ರಿಟರ್ನ್‌ಗಳಲ್ಲಿ ಕಾಣಬೇಕಿತ್ತು. ಆ ರಿಟರ್ನ್ ನೋಡುತ್ತಿದ್ದದ್ದು ಮೊದಲು ವ್ಯಾಪಾರ ಮತ್ತು ಉದ್ಯಮ ಇಲಾಖೆ, 1998ರಿಂದ ಖಜಾನೆ, 1999ರ ಜನವರಿಯಿಂದ ಅದರ ಪರವಾಗಿ ಎಫ್‌ಎಸ್‌ಎ (ಹಣಕಾಸು ಸೇವೆಗಳ ಪ್ರಾಧಿಕಾರ). ಲೆಕ್ಕದ ಸಲಹೆ ಕೊಡುತ್ತಿದ್ದದ್ದು ಸರ್ಕಾರಿ ಆಕ್ಚುರಿ (ವಿಮೆ, ಪಿಂಚಣಿಯ ಹೊಣೆ ಲೆಕ್ಕ ಹಾಕುವ ತಜ್ಞರು) ಇಲಾಖೆ. ಅಂದರೆ ಎರಡು ಸಲ ಕೈ ಬದಲಾಗಿದೆ, ಹಿಂದೆ ಸಲಹೆಗಾರರು ಬೇರೆ. ಇದನ್ನು ನೆನಪಿಡಿ, ಮುಂದೆ ಕೆಲಸಕ್ಕೆ ಬರುತ್ತದೆ.

ವಿನೋಬನಗರ_ಓದುಗ

ಗಣಕರು ನಿಲ್ಲಿಸಿದ ಕಡೆಯಿಂದ ಮುಂದುವರಿಸುತ್ತೇನೆ. ಓಂಬುಡ್ಸ್‌ಮನ್ ಅವರ ಮೊದಲ ತನಿಖಾ ವರದಿ 2003ರ ಜೂನ್‌ನಲ್ಲಿ ಬಂತು. ದುರಾಡಳಿತ ಕಂಡುಬಂದಿಲ್ಲ ಎಂದಿತು. ಕಾರಣ ಸರಳ: ಆ ತನಿಖೆ ನೋಡಿದ್ದು 1999ರ ಜನವರಿಯಿಂದ 2000ದ ಡಿಸೆಂಬರ್‌ವರೆಗಿನ ಅವಧಿಯನ್ನು ಮಾತ್ರ. ಕಂಪನಿ ಅತಿಯಾಗಿ ಬೋನಸ್ ಹಂಚಿದ್ದು, ಮೀಸಲು ಇಡದೆ ಬಿಟ್ಟದ್ದು ಅದಕ್ಕೂ ಹತ್ತು ವರ್ಷ ಹಿಂದಿನ ಸಂಗತಿ. ಸರ್ಕಾರಿ ಆಕ್ಚುರಿ ಇಲಾಖೆಯಂತೂ ಆಗ ಓಂಬುಡ್ಸ್‌ಮನ್ ವ್ಯಾಪ್ತಿಯಲ್ಲೇ ಇರಲಿಲ್ಲ.

2004ರ ಮಾರ್ಚ್ 8ರಂದು ಪೆನ್ರೋಸ್ ವರದಿ ಹೊರಬಂತು. ಸರ್ಕಾರವೇ ನೇಮಿಸಿದ್ದ ವಿಚಾರಣೆ, ಎಂಟುನೂರಕ್ಕೂ ಹೆಚ್ಚು ಪುಟ. ಕಂಪನಿಯ ಲೆಕ್ಕವನ್ನು ದಶಕಗಳ ಹಿಂದಕ್ಕೆ ಹೋಗಿ ಬಿಡಿಸಿಟ್ಟಿತು. ಆಮೇಲೆ ಓಂಬುಡ್ಸ್‌ಮನ್ ಆನ್ ಏಬ್ರಹಾಂ ಅವರು ಮರುತನಿಖೆ ಬೇಕೇ ಎಂದು ಅಭಿಪ್ರಾಯ ಕೇಳಿದ್ದು. ಚರ್ಚೆ ತಿರುಗಿದ್ದು ಮೂರು ಪ್ರಶ್ನೆಗಳ ಸುತ್ತ. ಹಿಂದೆ ನೋಡದ ಅವಧಿಯಲ್ಲಿ ನಿಯಂತ್ರಕರು ತಪ್ಪಿದ್ದಾರೆ ಎನ್ನಲು ಈಗ ಆಧಾರ ಇದೆಯೇ? ಆ ತಪ್ಪು ಮಾಡಿದ ಇಲಾಖೆ ಓಂಬುಡ್ಸ್‌ಮನ್ ವ್ಯಾಪ್ತಿಗೆ ಬರುತ್ತದೆಯೇ? ತನಿಖೆಯಿಂದ ಜನರಿಗೆ ಏನಾದರೂ ಉಪಯೋಗವಾಗುವ ಸಾಧ್ಯತೆ ಇದೆಯೇ?

ನನ್ನ ಅಭಿಪ್ರಾಯದಲ್ಲಿ ಇಡೀ ಪ್ರಕರಣದಿಂದ ನಾವು ಎತ್ತಿಕೊಳ್ಳಬೇಕಾದ್ದು ಇದನ್ನೇ. 'ನಮಗೆ ಅನ್ಯಾಯವಾಗಿದೆ' ಎಂಬ ಸಾವಿರ ಪತ್ರ ಈ ಮೂರಕ್ಕೂ ಉತ್ತರ ಕೊಡುವುದಿಲ್ಲ. ಯಾವ ಅವಧಿ, ಯಾರ ವ್ಯಾಪ್ತಿ, ಯಾವ ಪರಿಹಾರ ಎಂದು ಬಿಡಿಸಿ ಬರೆದ ಹತ್ತು ಪತ್ರ ಕೊಡುತ್ತದೆ.

2004ರ ಜುಲೈನಲ್ಲಿ ಮರುತನಿಖೆಗೆ ನಿರ್ಧಾರವಾಯಿತು, ಆಕ್ಚುರಿ ಇಲಾಖೆಯನ್ನು ವ್ಯಾಪ್ತಿಗೆ ತರಲು ಕಾನೂನಿನ ಆದೇಶ ಹೊರಟಿತು. ವರದಿ ಬಂದದ್ದು 2008ರ ಜುಲೈನಲ್ಲಿ. ಹತ್ತು ವಿಷಯಗಳಲ್ಲಿ ದುರಾಡಳಿತ ಆಗಿದೆ ಎಂದಿತು. ಕಂಪನಿಯ ಮುಖ್ಯಸ್ಥರೂ ಅದರ ಅಪಾಯಿಂಟೆಡ್ ಆಕ್ಚುರಿಯೂ (ಹೊಣೆಗಾರಿಕೆಯ ಲೆಕ್ಕ ನೋಡಲು ನೇಮಿಸಿದ ಆಕ್ಚುರಿ) ಒಬ್ಬರೇ ಆಗಿರಲು ಬಿಟ್ಟದ್ದು ಅದರಲ್ಲಿ ಒಂದು. ಲೆಕ್ಕ ಬರೆಯುವವರು, ಆ ಲೆಕ್ಕ ಸರಿಯಿದೆಯೇ ಎಂದು ನೋಡಬೇಕಾದವರು ಒಬ್ಬರೇ ಆದರೆ ಎಚ್ಚರಿಕೆ ಕೊಡುವವರು ಯಾರು? 1998ರ ನಂತರ ಒಂದು ಮರುವಿಮೆ (ತನ್ನ ಹೊಣೆಗೆ ಇನ್ನೊಂದು ಕಂಪನಿಯಲ್ಲಿ ಮಾಡಿಸುವ ವಿಮೆ) ಒಪ್ಪಂದವನ್ನು ತೋರಿಸಿ ಹೊಣೆಗಾರಿಕೆ ಕಡಿಮೆ ಕಾಣುವಂತೆ ಮಾಡಿದ್ದನ್ನು ಒಪ್ಪಿಕೊಂಡದ್ದು ಇನ್ನೊಂದು. ಬಾಗಿಲು ಹಾಕಿದ ಮೇಲೆ ನಿಯಂತ್ರಕರು ಪಾಲಿಸಿದಾರರಿಗೆ ಕೊಟ್ಟ ಮಾಹಿತಿ ದಾರಿತಪ್ಪಿಸುವಂತಿತ್ತು ಎಂದೂ ಬರೆದರು.

ತುಂಗಾ_ತೀರ

ಒಂದು ಎಚ್ಚರಿಕೆ. ಪೆನ್ರೋಸ್ ವರದಿಯನ್ನು ನೀವು ಮನವಿಯಲ್ಲಿ ಎತ್ತಿಕೊಂಡರೆ ಅದರ ಇನ್ನೊಂದು ಮುಖವನ್ನೂ ಹೇಳಬೇಕು. ಈ ಗತಿಗೆ ಮುಖ್ಯ ಕಾರಣ ಕಂಪನಿಯೇ, ನಿಯಂತ್ರಣದ ಲೋಪ ಅದರ ನಂತರದ್ದು ಎಂದೇ ಆ ವರದಿಯ ನಿಲುವು. ಸರ್ಕಾರ ವರ್ಷಗಟ್ಟಲೆ ಅದನ್ನೇ ಹಿಡಿದುಕೊಂಡಿತು. ನೀವು 'ಎಲ್ಲ ನಷ್ಟಕ್ಕೂ ನಿಯಂತ್ರಕರೇ ಹೊಣೆ' ಎಂದು ಬರೆದರೆ ಎದುರು ಪಕ್ಷದವರು ಒಂದೇ ಪುಟದಲ್ಲಿ ಮುಗಿಸಿಬಿಡುತ್ತಾರೆ.

ಹಾಗಾಗಿ ನಷ್ಟವನ್ನು ಮೂರು ಪಾಲು ಮಾಡಿ. ಮಾರುಕಟ್ಟೆ ಬಿದ್ದದ್ದರಿಂದ ಎಲ್ಲ ಕಂಪನಿಯವರಿಗೂ ಆದದ್ದು ಒಂದು. ಕಂಪನಿಯ ನಿರ್ಧಾರದಿಂದ ಆದದ್ದು ಇನ್ನೊಂದು. ನಿಯಂತ್ರಕರು ಸಕಾಲದಲ್ಲಿ ತಡೆದಿದ್ದರೆ ಅಥವಾ ಸತ್ಯ ಹೇಳಿದ್ದರೆ ಆಗುತ್ತಲೇ ಇರಲಿಲ್ಲ ಎನ್ನಬಹುದಾದದ್ದು ಮೂರನೆಯದು. ನಿಯಂತ್ರಕರ ಮೇಲಿನ ತನಿಖೆಯಲ್ಲಿ ಲೆಕ್ಕಕ್ಕೆ ಬರುವುದು ಮೂರನೆಯದೇ. ಬ್ರಿಟನ್ನಿನಲ್ಲಿ ಇದನ್ನು ಅಳೆಯಲು ಕೊನೆಗೆ ಬಳಸಿದ ಅಳತೆ 'ಸಾಪೇಕ್ಷ ನಷ್ಟ'. ಅದೇ ದುಡ್ಡು, ಅದೇ ಅವಧಿ, ಅಂಥದೇ ಬೇರೆ ಕಂಪನಿಗಳಲ್ಲಿ ಇದ್ದಿದ್ದರೆ ಎಷ್ಟಾಗುತ್ತಿತ್ತು, ಇಲ್ಲಿ ಎಷ್ಟಾಯಿತು, ಎರಡರ ವ್ಯತ್ಯಾಸ. ಒಟ್ಟು 430 ಕೋಟಿ ಪೌಂಡ್ ಎಂದು ಲೆಕ್ಕವಾಯಿತು. 2010ರಲ್ಲಿ ಸರ್ಕಾರ ಕೊಡಲು ಒಪ್ಪಿದ್ದು 150 ಕೋಟಿ. ಆಗಲೇ ಪಿಂಚಣಿ ಪಡೆಯುತ್ತಿದ್ದ ವಿದ್ ಪ್ರಾಫಿಟ್ಸ್ (ಬೋನಸ್‌ಗೆ ತಕ್ಕಂತೆ ಪಿಂಚಣಿ ಬದಲಾಗುವ) ಆನ್ಯುಯಿಟಿದಾರರಿಗೆ ಪೂರ್ತಿ ನಷ್ಟ ತುಂಬಿಕೊಟ್ಟರು, ಉಳಿದವರಿಗೆ ಸಿಕ್ಕಿದ್ದು ನಷ್ಟದ 22.4% ಮಾತ್ರ. 1992ರ ಸೆಪ್ಟೆಂಬರ್‌ಗೆ ಮುಂಚೆ ಆನ್ಯುಯಿಟಿ ತೆಗೆದುಕೊಂಡವರನ್ನು ಪೂರ್ತಿ ಹೊರಗಿಟ್ಟರು, ಆ ದಿನಾಂಕಕ್ಕೆ ಮೊದಲಿನ ನಿರ್ಧಾರದ ಮೇಲೆ ನಿಯಂತ್ರಕರ ಲೋಪದ ಪ್ರಭಾವ ಇರಲಿಲ್ಲ ಎಂಬ ವಾದದ ಮೇಲೆ. ಎಲ್ಲರಿಗಿಂತ ಹಿರಿಯರು ಅವರೇ. ಗಲಾಟೆಯಾಗಿ 2013ರ ಬಜೆಟ್‌ನಲ್ಲಿ ತಲಾ 5,000 ಪೌಂಡ್ ಕೊಡುವ ನಿರ್ಧಾರವಾಯಿತು. ಒಂದು ದಿನಾಂಕದ ಗೆರೆ ಎಷ್ಟು ಜನರನ್ನು ಹೊರಗೆ ಹಾಕಬಲ್ಲದು ನೋಡಿ. ಅವಧಿ ಯಾವುದು ಎಂದು ಅಭಿಪ್ರಾಯ ಕೇಳುವ ಹಂತದಲ್ಲೇ ಜಗಳವಾಡಬೇಕು, ಪರಿಹಾರದ ಹಂತದಲ್ಲಿ ಅಲ್ಲ.

ಸಾಗರ_ನಿವೃತ್ತ

ತುಂಬಾ ಉಪಕಾರವಾಯಿತು. ನಮ್ಮ ಗುಂಪಿನಲ್ಲಿ ಎರಡು ಮಾತು ಓಡಾಡುತ್ತಿದೆ. ಒಂದು, ನಮ್ಮಲ್ಲೂ ವಿಮಾ ಓಂಬುಡ್ಸ್‌ಮನ್ ಇದ್ದಾರಲ್ಲ, ಅವರಿಗೇ ಬರೆದರಾಯಿತು ಎಂದು. ಇನ್ನೊಂದು, ಹೇಗೂ 5 ಲಕ್ಷದವರೆಗೆ ಸರ್ಕಾರದ ಗ್ಯಾರಂಟಿ ಇದೆ ಎಂದು. ಇವು ಸರಿಯೇ?

ಕೊಪ್ಪ_ವಕೀಲ

ಎರಡೂ ಸರಿಯಲ್ಲ.

5 ಲಕ್ಷ ಎನ್ನುವುದು ಬ್ಯಾಂಕ್ ಠೇವಣಿಗೆ ಡಿಐಸಿಜಿಸಿ (ಠೇವಣಿ ವಿಮಾ ನಿಗಮ) ಕೊಡುವ ವಿಮೆ. ಆನ್ಯುಯಿಟಿಗೂ ಅದಕ್ಕೂ ಸಂಬಂಧವಿಲ್ಲ. ಮಲೆನಾಡಿನಲ್ಲಿ ಅಡಿಕೆ ದುಡ್ಡು ಇಡುವ ಪ್ರಾಥಮಿಕ ಕೃಷಿ ಪತ್ತಿನ ಸಂಘ, ಸೌಹಾರ್ದ ಸಹಕಾರಿಗಳ ಠೇವಣಿಗೂ ಅದು ಅನ್ವಯಿಸುವುದಿಲ್ಲ, ಸಹಕಾರಿ ಬ್ಯಾಂಕ್‌ಗಳಿಗೆ ಅನ್ವಯಿಸುತ್ತದೆ. ಎಲ್‌ಐಸಿ ಪಾಲಿಸಿಗೆ 1956ರ ಎಲ್‌ಐಸಿ ಕಾಯ್ದೆಯ 37ನೇ ಕಲಮಿನಲ್ಲಿ ಕೇಂದ್ರ ಸರ್ಕಾರದ ಖಾತರಿ ಇದೆ, ಘೋಷಿಸಿದ ಬೋನಸ್ ಸೇರಿ. ಖಾಸಗಿ ವಿಮಾ ಕಂಪನಿಗಳಿಗೆ ಆ ಖಾತರಿ ಇಲ್ಲ. ಅಲ್ಲಿ ಪಾಲಿಸಿದಾರನ ರಕ್ಷಣೆ ಎಂದರೆ ಸಾಲ್ವೆನ್ಸಿ ಅಂಚು, ಅಂದರೆ ಹೊಣೆಗಾರಿಕೆಗಿಂತ ಹೆಚ್ಚಿಗೆ ಇಟ್ಟಿರಬೇಕಾದ ಬಂಡವಾಳ, ಮತ್ತು ಅದರ ಮೇಲೆ ವಿಮಾ ನಿಯಂತ್ರಕರಾದ ಐಆರ್‌ಡಿಎಐ ಕಣ್ಣು. ಅದಕ್ಕೇ ಆ ಕಣ್ಣು ತೆರೆದಿತ್ತೇ ಎಂದು ಕೇಳುವ ಹಕ್ಕು ಮುಖ್ಯ.

ವಿಮಾ ಓಂಬುಡ್ಸ್‌ಮನ್ ನೋಡುವುದು ಪಾಲಿಸಿದಾರ ಮತ್ತು ಕಂಪನಿಯ ನಡುವಿನ ವ್ಯಾಜ್ಯ: ಕ್ಲೇಮು ತಡ, ತಿರಸ್ಕಾರ, ತಪ್ಪು ಹೇಳಿ ಮಾರಿದ್ದು. ಮೊದಲು ಕಂಪನಿಗೆ ಬರೆದು ಒಂದು ತಿಂಗಳು ಕಾಯಬೇಕು, ಉತ್ತರ ಒಪ್ಪಿಗೆಯಾಗದಿದ್ದರೆ ಒಂದು ವರ್ಷದೊಳಗೆ ಹೋಗಬೇಕು. ಶುಲ್ಕವಿಲ್ಲ. ಕರ್ನಾಟಕಕ್ಕೆ ಕಚೇರಿ ಬೆಂಗಳೂರಿನಲ್ಲಿದೆ. ಆದರೆ ಐಆರ್‌ಡಿಎಐ ತನ್ನ ಕೆಲಸ ಮಾಡಿತೇ ಎಂದು ಅವರು ವಿಚಾರಿಸುವಂತಿಲ್ಲ. ಬ್ರಿಟನ್ನಿನವರು ಪಾರ್ಲಿಮೆಂಟಿನ ಓಂಬುಡ್ಸ್‌ಮನ್, ಸರ್ಕಾರಿ ಇಲಾಖೆಗಳ ದುರಾಡಳಿತವನ್ನೇ ನೋಡುವವರು. ಅಲ್ಲೂ ನೇರ ಹೋಗುವಂತಿಲ್ಲ, ಸಂಸದರ ಮೂಲಕ ದೂರು ಹೋಗಬೇಕು. ಆ ಹುದ್ದೆಗೆ ಸಮನಾದದ್ದು ನಮ್ಮಲ್ಲಿ ಇಲ್ಲ. ಲೋಕಪಾಲರ ಕೆಲಸ ಭ್ರಷ್ಟಾಚಾರದ ಆರೋಪ. ಅಸಡ್ಡೆ, ತಡ, ತಪ್ಪು ಲೆಕ್ಕ ಒಪ್ಪಿಕೊಂಡದ್ದು ಅವರ ಮುಂದೆ ನಿಲ್ಲುವುದಿಲ್ಲ.

ಹಾಗಾದರೆ ಉಳಿದ ದಾರಿ?

ಕಂಪನಿಯ ನಡೆ ಪಾಲಿಸಿದಾರರಿಗೆ ಹಾನಿಯಾಗುವಂತಿದೆ ಎನಿಸಿದರೆ 1938ರ ವಿಮಾ ಕಾಯ್ದೆಯ 52ಎ ಕಲಮಿನಡಿ ಐಆರ್‌ಡಿಎಐ ಆಡಳಿತಾಧಿಕಾರಿಯನ್ನು ನೇಮಿಸಬಹುದು. 2017ರ ಜೂನ್‌ನಲ್ಲಿ ಸಹಾರಾ ಇಂಡಿಯಾ ಲೈಫ್‌ಗೆ ಹೀಗೆ ನೇಮಿಸಿದರು, 2023ರ ಜೂನ್ 2ರಂದು ಅದರ ಸುಮಾರು ಎರಡು ಲಕ್ಷ ಪಾಲಿಸಿಗಳನ್ನು ಎಸ್‌ಬಿಐ ಲೈಫ್‌ಗೆ ವರ್ಗಾಯಿಸಲು ಆದೇಶ ಮಾಡಿದರು. ನಡುವೆ ಆರು ವರ್ಷ. ಆಡಳಿತಾಧಿಕಾರಿ ಬಂದ ಮೇಲೆ ವರದಿ ಕೊಡಬೇಕು: ಬೇರೆ ಕಂಪನಿಗೆ ವರ್ಗಾವಣೆಯೋ, ಅದೇ ಕಂಪನಿ ಮುಂದುವರಿಯಲೋ, ಮುಚ್ಚುವುದೋ. ಮುಂದುವರಿಯುವಾಗ ಪಾಲಿಸಿ ಮೊತ್ತವನ್ನು ಕಡಿಮೆ ಮಾಡಿ ಮುಂದುವರಿಸುವ ಸಾಧ್ಯತೆಯನ್ನೂ ಕಾಯ್ದೆ ಇಟ್ಟುಕೊಂಡಿದೆ. ಎಕ್ವಿಟಬಲ್‌ನ 16% ಕಡಿತದಂಥದ್ದು ನಮ್ಮಲ್ಲಿ ಕಾನೂನಿಗೆ ಹೊರಗಿನ ಮಾತಲ್ಲ ಎಂದು ನಿಮ್ಮವರಿಗೆ ತಿಳಿಸಿ. ಐಆರ್‌ಡಿಎಐ ಆದೇಶದಿಂದ ಬಾಧೆಯಾದವರು 45 ದಿನದೊಳಗೆ ಸೆಕ್ಯುರಿಟೀಸ್ ಅಪೀಲು ನ್ಯಾಯಮಂಡಳಿಗೆ ಹೋಗಬಹುದು. ಆದರೆ ಅಪೀಲಿಗೆ ಒಂದು ಆದೇಶ ಇರಬೇಕು. ಏನೂ ಮಾಡದೆ ಕುಳಿತದ್ದನ್ನು ಪ್ರಶ್ನಿಸಲು ಹೈಕೋರ್ಟಿನಲ್ಲಿ 226ನೇ ವಿಧಿಯ ರಿಟ್ ಒಂದೇ ನ್ಯಾಯಾಲಯದ ದಾರಿ. ಶಿವಮೊಗ್ಗ, ಚಿಕ್ಕಮಗಳೂರಿನವರಿಗೆ ಬೆಂಗಳೂರು ಪೀಠ. ನಿಮ್ಮ ಪಕ್ಕದ ಸಿದ್ದಾಪುರ ಉತ್ತರ ಕನ್ನಡಕ್ಕೆ ಸೇರಿದ್ದರಿಂದ ಧಾರವಾಡ ಪೀಠ. ಎರಡೂ ಕಡೆಯವರು ಒಂದೇ ಅರ್ಜಿಗೆ ಸಹಿ ಹಾಕುವ ಮುಂಚೆ ಇದನ್ನು ವಕೀಲರ ಹತ್ತಿರ ಕೇಳಿಕೊಳ್ಳಿ. ಸದುದ್ದೇಶದಿಂದ ಮಾಡಿದ ಕೆಲಸಕ್ಕೆ ಪ್ರಾಧಿಕಾರದ ಮೇಲೆ ದಾವೆ ಹೂಡಲಾಗದು ಎಂದು ಐಆರ್‌ಡಿಎ ಕಾಯ್ದೆಯ 22ನೇ ಕಲಮು ಹೇಳುತ್ತದೆ. ಪರಿಹಾರದ ದಾವೆಗೆ ಇದು ದೊಡ್ಡ ಅಡ್ಡಿ.

ಇನ್ನು ಸಂಸತ್ತು. ಐಆರ್‌ಡಿಎಐ ವಾರ್ಷಿಕ ವರದಿ ಸಂಸತ್ತಿನ ಮುಂದೆ ಬರುತ್ತದೆ, ಲೆಕ್ಕ ಸಿಎಜಿ (ಮಹಾಲೇಖಪಾಲರು) ತಪಾಸಣೆಗೆ ಒಳಪಡುತ್ತದೆ, ಹಣಕಾಸು ಸ್ಥಾಯಿ ಸಮಿತಿ ಅಧಿಕಾರಿಗಳನ್ನು ಕರೆಸಿ ಕೇಳಬಹುದು. ಲೋಕಸಭೆಯ ಅರ್ಜಿಗಳ ಸಮಿತಿಗೆ ನಾಗರಿಕರು ಅರ್ಜಿ ಕೊಡಬಹುದು. ನೀವು ಈಗ ಮನವಿ ಬರೆಯುವುದಾದರೆ ನನ್ನ ಸಲಹೆ ಇಲ್ಲಿಗೇ, ಸಂಸದರ ಮೂಲಕ. ನಿಯಂತ್ರಕರ ಲೋಪವನ್ನು ಸ್ವತಂತ್ರವಾಗಿ ವಿಚಾರಿಸುವ ಒಬ್ಬ ಅಧಿಕಾರಿ ಬೇಕು ಎಂಬುದೇ ಬೇಡಿಕೆಯಾಗಲಿ. ಕಂಪನಿ ಕುಸಿದ ಮೇಲೆ ಕೇಳಿದರೆ ವ್ಯಾಪ್ತಿಯ ಪ್ರಶ್ನೆಯಲ್ಲೇ ವರ್ಷಗಳು ಕಳೆಯುತ್ತವೆ.

ಗಾಜನೂರು_ಗಣಕ

ವಕೀಲರ ಮಾತಿಗೆ ಒಂದು ಸೇರಿಸಬೇಕು. ಎನ್‌ಪಿಎಸ್‌ನವರು ಪಿಎಫ್‌ಆರ್‌ಡಿಎ (ಪಿಂಚಣಿ ನಿಧಿ ನಿಯಂತ್ರಣ ಪ್ರಾಧಿಕಾರ) ತಮ್ಮ ನಿಯಂತ್ರಕ ಎಂದುಕೊಂಡಿರುತ್ತಾರೆ. ಹಣ ಸೇರುವವರೆಗೆ ಹೌದು. ನಿವೃತ್ತಿಯಲ್ಲಿ ಒಂದು ಪಾಲನ್ನು ಆನ್ಯುಯಿಟಿಗೆ ಹಾಕಿದ ಮೇಲೆ ಪಿಂಚಣಿ ಕೊಡುವುದು ಒಂದು ಜೀವವಿಮಾ ಕಂಪನಿ, ಅದರ ಆರ್ಥಿಕ ಆರೋಗ್ಯ ನೋಡುವವರು ಐಆರ್‌ಡಿಎಐ. ಆ ಕಂಪನಿ ಎಡವಿದರೆ ಇಬ್ಬರು ನಿಯಂತ್ರಕರು ಒಬ್ಬರನ್ನೊಬ್ಬರು ತೋರಿಸುವ ಜಾಗ ಇದೇ. ಬ್ರಿಟನ್ನಿನಲ್ಲಿ ನಿಯಂತ್ರಣ ಕೈ ಬದಲಾದದ್ದನ್ನು, ಸಲಹೆಗಾರ ಇಲಾಖೆ ತನಿಖೆಯ ಹೊರಗುಳಿದದ್ದನ್ನು ಮೇಲೆ ಹೇಳಿದ್ದು ಇದಕ್ಕೇ. ಮನವಿಯಲ್ಲಿ ಎರಡೂ ಪ್ರಾಧಿಕಾರಗಳನ್ನೂ ಹಣಕಾಸು ಸಚಿವಾಲಯದ ಹಣಕಾಸು ಸೇವೆಗಳ ಇಲಾಖೆಯನ್ನೂ ಹೆಸರಿಸಿ, ಈ ಮೂವರಲ್ಲಿ ಯಾರೂ ವ್ಯಾಪ್ತಿಯಿಂದ ಹೊರಗೆ ಉಳಿಯಬಾರದು ಎಂದು ಬರೆಯಿರಿ.

ಸಾಕ್ಷ್ಯ ಎಲ್ಲಿಂದ ಬರಬೇಕು? ಪ್ರತಿ ವಿಮಾ ಕಂಪನಿ ತನ್ನ ಜಾಲತಾಣದಲ್ಲಿ 'ಪಬ್ಲಿಕ್ ಡಿಸ್‌ಕ್ಲೋಷರ್' ಎಂಬ ವಿಭಾಗದಲ್ಲಿ ಮೂರು ತಿಂಗಳಿಗೊಮ್ಮೆ ಫಾರಂಗಳನ್ನು ಹಾಕಲೇಬೇಕು. ಜೀವವಿಮೆಗೆ ಎಲ್ ಎಂದು ಶುರುವಾಗುವ ಸಂಖ್ಯೆ. ಎಲ್-32 ಸಾಲ್ವೆನ್ಸಿ. ನಿಯಮದ ಪ್ರಕಾರ ಅನುಪಾತ 1.50ಕ್ಕಿಂತ ಕೆಳಗೆ ಬರಬಾರದು. ಎಲ್-42ರಲ್ಲಿ ಹೊಣೆಗಾರಿಕೆ ಲೆಕ್ಕ ಹಾಕಲು ಹಿಡಿದ ಬಡ್ಡಿ ಮತ್ತು ಮರಣದರದ ಊಹೆ ಇರುತ್ತದೆ. ಎಲ್-41ರಲ್ಲಿ ದೂರುಗಳ ವಿವರ. ಜನ 1.50 ಒಂದನ್ನೇ ನೋಡುತ್ತಾರೆ. ಎಕ್ವಿಟಬಲ್‌ನಲ್ಲಿ ಕೈಕೊಟ್ಟದ್ದು ಆ ಥರದ ಮೇಲಿನ ಅಂಕಿಯಲ್ಲ, ಅದರ ಕೆಳಗಿನ ಲೆಕ್ಕ. ಬಡ್ಡಿಯ ಊಹೆಯನ್ನು ಸ್ವಲ್ಪ ಏರಿಸಿದರೆ ಮೂವತ್ತು ವರ್ಷದ ಪಿಂಚಣಿಯ ಹೊಣೆಗಾರಿಕೆ ಎಷ್ಟೋ ಇಳಿದು ಕಾಣುತ್ತದೆ, ಸಾಲ್ವೆನ್ಸಿ ಚೆನ್ನಾಗಿ ಕಾಣುತ್ತದೆ. ಹಾಗಾಗಿ ಎಲ್-42ರ ಊಹೆ ಹಿಂದಿನ ವರ್ಷಕ್ಕಿಂತ ಬದಲಾಗಿದೆಯೇ ಎಂದು ನೋಡಿ. ಎಲ್-32, ಎಲ್-42 ಎರಡನ್ನೂ ಪ್ರತಿ ಮಾರ್ಚ್ ಅಂತ್ಯದ್ದು ಇಳಿಸಿ ಇಟ್ಟುಕೊಳ್ಳಿ. ತನಿಖೆಯಲ್ಲಿ 'ನಿಯಂತ್ರಕರ ಕೈಯಲ್ಲಿ ಆ ದಿನ ಏನಿತ್ತು' ಎಂಬ ಪ್ರಶ್ನೆಗೆ ಇವೇ ಉತ್ತರ. ಹಳೆಯ ಫಾರಂ ಜಾಲತಾಣದಿಂದ ಯಾವಾಗ ಬೇಕಾದರೂ ಮರೆಯಾಗಬಹುದು.

ವಿನೋಬನಗರ_ಓದುಗ

ಭಾಷೆಯ ಪ್ರಶ್ನೆ ಕೇಳಿದ್ದಿರಿ. ಮಾಹಿತಿ ಹಕ್ಕು ಕಾಯ್ದೆಯ 6(1) ಕಲಮಿನ ಪ್ರಕಾರ ಇಂಗ್ಲಿಷ್, ಹಿಂದಿ ಅಥವಾ ಅರ್ಜಿ ಹಾಕುವ ಪ್ರದೇಶದ ಅಧಿಕೃತ ಭಾಷೆಯಲ್ಲಿ ಬರೆಯಬಹುದು. ಅಂದರೆ ಶಿವಮೊಗ್ಗ ಜಿಲ್ಲೆಯಿಂದ ಹೈದರಾಬಾದಿನ ಐಆರ್‌ಡಿಎಐಗೆ ಕನ್ನಡದಲ್ಲೇ ಆರ್‌ಟಿಐ ಹಾಕಬಹುದು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಆಯ್ದ ಅಂಚೆ ಕಚೇರಿಗಳಲ್ಲಿ ಕೇಂದ್ರ ಸಂಸ್ಥೆಗಳ ಅರ್ಜಿ ಸ್ವೀಕರಿಸುವ ವ್ಯವಸ್ಥೆ ಇದೆ, ಅಲ್ಲಿ ಕೊಟ್ಟರೆ ಇನ್ನು 5 ದಿನ ಸೇರುತ್ತದೆ. ಉತ್ತರ ಬಾರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ, ಆಮೇಲೆ 90 ದಿನದೊಳಗೆ ಕೇಂದ್ರ ಮಾಹಿತಿ ಆಯೋಗ. 'ವಿಶ್ವಾಸದಲ್ಲಿ ಕೊಟ್ಟ ಮಾಹಿತಿ, ಕೊಡಲಾಗದು' ಎಂದರೆ 2015ರ ಡಿಸೆಂಬರ್‌ನ ಜಯಂತಿಲಾಲ್ ಮಿಸ್ತ್ರಿ ತೀರ್ಪನ್ನು ಉಲ್ಲೇಖಿಸಿ. ಅದು ರಿಸರ್ವ್ ಬ್ಯಾಂಕ್ ಮತ್ತು ಬ್ಯಾಂಕ್ ತಪಾಸಣಾ ವರದಿಗಳ ಬಗ್ಗೆ, ಆದರೆ ನಿಯಂತ್ರಕರಿಗೂ ನಿಯಂತ್ರಣಕ್ಕೆ ಒಳಪಟ್ಟವರಿಗೂ ಅಂಥ ವಿಶ್ವಾಸದ ಸಂಬಂಧ ಇಲ್ಲ ಎಂಬ ತರ್ಕ ಇಲ್ಲೂ ನಿಲ್ಲುತ್ತದೆ. ಕೇಳುವಾಗ 'ಯಾಕೆ ಕ್ರಮ ಕೈಗೊಳ್ಳಲಿಲ್ಲ' ಎಂದು ಕೇಳಬೇಡಿ, ಅದು ಮಾಹಿತಿಯಲ್ಲ ಎಂದು ತಳ್ಳಿಹಾಕುತ್ತಾರೆ. 'ಇಂಥ ವರ್ಷದ ತಪಾಸಣೆಯ ದಿನಾಂಕ, ಕಂಪನಿಗೆ ಬರೆದ ಪತ್ರಗಳ ಪ್ರತಿ, ಕಡತದ ಟಿಪ್ಪಣಿ ಹಾಳೆ' ಎಂದು ದಾಖಲೆಯನ್ನೇ ಕೇಳಿ. ಒಂದು ಅರ್ಜಿಯಲ್ಲಿ ಒಂದು ವರ್ಷ, ಒಂದು ವಿಷಯ.

ನಿಯಮಗಳ ಕರಡಿನ ಮೇಲೆ ಐಆರ್‌ಡಿಎಐ ಅಭಿಪ್ರಾಯ ಕೇಳುವುದು ಬೇರೆ ವಿಷಯ. ಅದಕ್ಕೆ ಸಾಮಾನ್ಯವಾಗಿ ಮೂರು ವಾರದ ಆಸುಪಾಸು ಸಮಯ ಕೊಡುತ್ತಾರೆ. ಕರಡು ಇಂಗ್ಲಿಷ್‌ನಲ್ಲಿ ಇರುತ್ತದೆ, ಉತ್ತರಕ್ಕೂ ಕೋಷ್ಟಕ ಕೊಟ್ಟಿರುತ್ತಾರೆ: ಕಲಮಿನ ಸಂಖ್ಯೆ, ಈಗಿನ ಪದಗಳು, ಸೂಚಿಸುವ ಬದಲಾವಣೆ, ಕಾರಣ. ಕನ್ನಡದ ಪತ್ರದ ಜೊತೆ ಆ ಕೋಷ್ಟಕವನ್ನು ಇಂಗ್ಲಿಷ್‌ನಲ್ಲಿ ತುಂಬಿ ಕಳಿಸುವುದು ಒಳ್ಳೆಯದು. ಕೋಷ್ಟಕದಲ್ಲಿ ಇಲ್ಲದ್ದು ಅವರ ಸಾರಾಂಶದಲ್ಲಿ ಸೇರದೆ ಹೋಗುತ್ತದೆ. ಮಳೆಗಾಲದಲ್ಲಾದರೆ ಕೊನೆಯ ದಿನದವರೆಗೆ ಕಾಯಲೇಬೇಡಿ. ಹೊಸನಗರ, ಆಗುಂಬೆ ಕಡೆ ಕರೆಂಟು, ನೆಟ್‌ವರ್ಕ್ ಎರಡೂ ಒಟ್ಟಿಗೆ ಹೋಗುತ್ತವೆ. ಮಿಂಚಂಚೆಯ ಜೊತೆಗೆ ಸ್ಪೀಡ್ ಪೋಸ್ಟ್ ಪ್ರತಿಯೂ ಇರಲಿ.

ತನಿಖೆ ಬೇಕೇ ಎಂದು ಕೇಳಿದಾಗ ಬರೆಯುವ ಪತ್ರಕ್ಕೆ ಒಂದು ಮಾದರಿ ವಾಕ್ಯವೃಂದ ಕೊಡುತ್ತೇನೆ, ಬೇಕಾದಂತೆ ತಿದ್ದಿಕೊಳ್ಳಿ:

"ಇಂಥ ದಿನಾಂಕದಂದು ಕಂಪನಿಯು ಸಲ್ಲಿಸಿದ ರಿಟರ್ನ್‌ನಲ್ಲಿ ಖಾತರಿ ಪಿಂಚಣಿಗೆ ಇಷ್ಟು ಮೀಸಲು ತೋರಿಸಿದೆ. ಇಂಥ ನಿಯಮದ ಪ್ರಕಾರ ಇಷ್ಟು ಇರಬೇಕಿತ್ತು. ಪ್ರಶ್ನಿಸುವ ಅಧಿಕಾರ ಇಂಥ ಕಲಮಿನಡಿ ಪ್ರಾಧಿಕಾರಕ್ಕೆ ಇತ್ತು. ಪ್ರಶ್ನಿಸಿದ ದಾಖಲೆ ಇಲ್ಲ. ಇದಾದ ನಂತರ, ಇಂಥ ದಿನಾಂಕದಂದು, ಪ್ರಕಟಿತ ಅಂಕಿಗಳನ್ನು ನಂಬಿ ನಾನು ಇಷ್ಟು ಮೊತ್ತ ಕಟ್ಟಿದೆ. ಸತ್ಯ ಪ್ರಕಟವಾಗಿದ್ದರೆ ಬೇರೆ ಕಡೆ ಕಟ್ಟುವ ಅವಕಾಶ ನನಗಿತ್ತು. ಆದ್ದರಿಂದ ತನಿಖೆಯ ಅವಧಿ ಇಂಥ ವರ್ಷದಿಂದ ಶುರುವಾಗಬೇಕು, ಸಲಹೆ ಕೊಟ್ಟ ಸಂಸ್ಥೆಗಳೂ ಅದರಲ್ಲಿ ಸೇರಬೇಕು."

ಪ್ರತಿಯೊಬ್ಬರೂ ತಮ್ಮ ದಿನಾಂಕ, ಮೊತ್ತ ಹಾಕಿ ಬರೆಯಲಿ. ನೂರು ಜನ ಒಂದೇ ಅಚ್ಚಿನ ಪತ್ರಕ್ಕೆ ಸಹಿ ಹಾಕಿದರೆ ಅದು ಒಂದು ಪತ್ರವಾಗಿ ಎಣಿಕೆಯಾಗುವ ಸಂಭವ ಹೆಚ್ಚು.

ತುಂಗಾ_ತೀರ

ಆ ಮಾದರಿಯಲ್ಲಿ 'ನಂಬಿ ಕಟ್ಟಿದೆ' ಎನ್ನುವ ಸಾಲು ಪ್ರಾಣ. ಅದನ್ನು ತೋರಿಸಲು ಕಾಗದ ಬೇಕು. ಪಾಲಿಸಿ ಬಾಂಡ್ ಒಂದೇ ಸಾಲದು. ಕಟ್ಟುವ ಮುಂಚೆ ಕೊಟ್ಟ ಕರಪತ್ರ, 4% ಮತ್ತು 8% ಲೆಕ್ಕದಲ್ಲಿ ತೋರಿಸಿದ ಬೆನಿಫಿಟ್ ಇಲಸ್ಟ್ರೇಷನ್ (ಮುಂದೆ ಎಷ್ಟು ಬರಬಹುದು ಎಂಬ ಅಂದಾಜಿನ ಹಾಳೆ), ಪ್ರತಿ ವರ್ಷದ ಬೋನಸ್ ಪತ್ರ, ಏಜೆಂಟರ ಅಥವಾ ಬ್ಯಾಂಕಿನವರ ಮಿಂಚಂಚೆ, ಕಟ್ಟಿದ ದಿನದ ಪಾಸ್‌ಬುಕ್ ಪುಟ. ಸೊಸೈಟಿ ನೌಕರರ ಗುಂಪು ಪಿಂಚಣಿಯಾದರೆ ಮಾಸ್ಟರ್ ಪಾಲಿಸಿ (ಎಲ್ಲರಿಗೂ ಸೇರಿದ ಒಂದೇ ಮೂಲ ಪಾಲಿಸಿ) ಸಂಘದ ಕಚೇರಿಯಲ್ಲಿ ಇರುತ್ತದೆ, ನೌಕರರ ಕೈಯಲ್ಲಿ ಇರುವುದಿಲ್ಲ. ಅದರ ಪ್ರತಿಯನ್ನೂ, ಅದರ ನಿಯಮಾವಳಿಯನ್ನೂ ಈಗಲೇ ಕೇಳಿ ಪಡೆಯಿರಿ. ಕಾರ್ಯದರ್ಶಿ ಬದಲಾದ ಮೇಲೆ ಹುಡುಕುವುದು ಕಷ್ಟ. ನಮ್ಮ ಕಡೆಯ ಶೀತಕ್ಕೆ ಥರ್ಮಲ್ ಕಾಗದದ ರಸೀತಿ ಎರಡು ಮಳೆಗಾಲ ತಾಳುವುದಿಲ್ಲ, ಫೋಟೋ ತೆಗೆದು ಎರಡು ಕಡೆ ಇಡಿ.

ಇನ್ನೊಂದು ವಿಷಯ ಯಾರೂ ಎತ್ತಲಿಲ್ಲ. ಎಕ್ವಿಟಬಲ್ ಬಾಗಿಲು ಹಾಕಿದ್ದು 2000, ಪರಿಹಾರದ ಮೊದಲ ಹಣ ಹೊರಟದ್ದು 2011ರಲ್ಲಿ. ಅಷ್ಟರಲ್ಲಿ ಬಹಳ ಹಿರಿಯರು ತೀರಿಹೋಗಿದ್ದರು. ಅವರ ವಾರಸುದಾರರಿಗೂ ಪಾಲು ಇತ್ತು, ಆದರೆ ಯಾರು ವಾರಸುದಾರರು, ಪಾಲಿಸಿ ಸಂಖ್ಯೆ ಏನು ಎಂದು ಪತ್ತೆ ಹಚ್ಚಲಾಗದೆ ಎಷ್ಟೋ ಜನರಿಗೆ ತಲುಪಲಿಲ್ಲ. ಹೊಸ ಕ್ಲೇಮುಗಳಿಗೆ 2015ರ ಡಿಸೆಂಬರ್ 31 ಕೊನೆಯ ದಿನವಾಯಿತು. ನಿಮ್ಮ ಮನವಿಗೆ ಸಹಿ ಹಾಕುವವರ ಪಟ್ಟಿಯಲ್ಲಿ ಪಾಲಿಸಿ ಸಂಖ್ಯೆಯ ಪಕ್ಕ ನಾಮಿನಿಯ ಹೆಸರಿಗೂ ಒಂದು ಅಂಕಣ ಬಿಡಿ, ಆ ಪಟ್ಟಿಯನ್ನು ಮನವಿಯ ಜೊತೆ ಹೊರಗೆ ಕಳಿಸದೆ ನಿಮ್ಮಲ್ಲೇ ಇಟ್ಟುಕೊಳ್ಳಿ. ನಾಮಿನಿ ತೀರಿಕೊಂಡಿದ್ದರೆ ಅಥವಾ ಮದುವೆಗೆ ಮುಂಚೆ ತಂದೆತಾಯಿಯ ಹೆಸರು ಕೊಟ್ಟದ್ದು ಹಾಗೇ ಉಳಿದಿದ್ದರೆ ಕಂಪನಿಯ ಶಾಖೆಯಲ್ಲಿ ಬದಲಾವಣೆಯ ಫಾರಂ ತುಂಬಿ, ನೋಂದಾಯಿಸಿದ್ದಕ್ಕೆ ಸ್ವೀಕೃತಿ ಪತ್ರ ಪಡೆಯಿರಿ.